ಬ್ರ್ಯಾಡ್ ಡೂರಿಫ್ ಮತ್ತು ಮೂವರು ಕೊಲೆಗಾರರು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರ್ಯಾಡ್ ಡೂರಿಫ್ ಯಾರು? ಹೆಸರು ಕೇಳಿದ ನೆನಪೇ ಇಲ್ಲ.

ಹೆಸರು ನೆನಪಿಲ್ಲದೆ ಇರಬಹುದು, ಮುಖ ನೆನಪಿರುತ್ತದೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಎರಡನೇ ಭಾಗದಲ್ಲಿ ಮುದಿ ರಾಜನ ಪಕ್ಕ ಕೂತು, ಬಗ್ಗಿ ಬಗ್ಗಿ ಅವನ ಕಿವಿ ಕಚ್ಚುವ ಬಿಳಿಚಿದ ಮುಖದ ಮಂತ್ರಿ ಒಬ್ಬ ಇದ್ದಾನಲ್ಲ, ವರ್ಮ್‌ಟಂಗ್ ಅಂತ, ಅದು ಇವರೇ. ‘ಚೈಲ್ಡ್ಸ್ ಪ್ಲೇ’ಯ ಚಕ್ಕಿ ಗೊಂಬೆಗೆ 1988ರಿಂದ ದನಿ ಕೊಟ್ಟವರೂ ಇವರೇ. 1975ರ ‘ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್’ ಸಿನಿಮಾದಲ್ಲಿ ಬಿಲ್ಲಿ ಬಿಬಿಟ್ ಎಂಬ ತೊದಲುವ ಹುಡುಗನಾಗಿ ಮಾಡಿದ್ದಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಹುಟ್ಟಿದ್ದು 1950ರಲ್ಲಿ, ಅಮೆರಿಕದ ವೆಸ್ಟ್ ವರ್ಜಿನಿಯಾದ ಹಂಟಿಂಗ್ಟನ್ ಊರಿನಲ್ಲಿ.

ಇದೆಲ್ಲ ಸಿನಿಮಾ ಮಾತಾಯಿತು. ನಾನು ಇಲ್ಲಿ ಹೇಳಬೇಕು ಅಂತಿರುವುದು ಟೀವಿ ಬಗ್ಗೆ. 1994ರಿಂದ 1996ರ ನಡುವೆ, ಮೂರು ಬೇರೆ ಬೇರೆ ಸೈನ್ಸ್ ಫಿಕ್ಷನ್ ಸರಣಿಗಳಲ್ಲಿ ಇವರು ಅತಿಥಿ ನಟರಾಗಿ ಬಂದು ಮೂವರು ಕೊಲೆಗಾರರ ಪಾತ್ರ ಮಾಡಿದರು. ಆ ಮೂರನ್ನೂ ಒಟ್ಟಿಗೆ ನೋಡಿದರೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ ಹಾಗಿದೆ: ಕೊಂದವನು ಆಮೇಲೆ ಬೇರೆ ಮನುಷ್ಯ ಆಗಬಹುದಾ?

ಅತಿಥಿ ಪಾತ್ರ ಅನ್ನುತ್ತೀರಿ. ಎರಡು ನಿಮಿಷ ಬಂದು ಹೋಗುವುದಾ?

ಅಲ್ಲ. ನಮ್ಮ ಸಿನಿಮಾಗಳಲ್ಲಿ ‘ಅತಿಥಿ ನಟ’ ಅಂತ ಟೈಟಲ್ ಕಾರ್ಡ್ ಬಂದರೆ ದೊಡ್ಡ ಹೀರೋ ಒಬ್ಬರು ಒಂದು ಹಾಡಿಗೋ ಒಂದು ಫೈಟಿಗೋ ಬಂದು ಕೈಬೀಸಿ ಹೋಗುತ್ತಾರೆ ಅಂತಲೇ ಲೆಕ್ಕ. ಅಮೆರಿಕದ ಟೀವಿಯಲ್ಲಿ ಇದರ ಅರ್ಥ ಬೇರೆ. ಆ ಕಾಲದ ಸರಣಿಗಳಲ್ಲಿ ವರ್ಷಕ್ಕೆ ಇಪ್ಪತ್ತಕ್ಕೂ ಜಾಸ್ತಿ ಎಪಿಸೋಡ್. ಹೆಚ್ಚಿನ ವಾರ ಹೊಸ ಕಥೆ. ಮುಖ್ಯ ಪಾತ್ರಗಳು ಅವರೇ ಇರುತ್ತಾರೆ, ಆದರೆ ಆ ವಾರದ ಕಥೆಯನ್ನು ಹೊತ್ತುಕೊಂಡು ಬರುವವನು ಹೊರಗಿನವನು. ಜಾಹೀರಾತು ಬಿಟ್ಟರೆ ಮುಕ್ಕಾಲು ಗಂಟೆ ಸಮಯ. ಅಷ್ಟರಲ್ಲಿ ಅವನು ಯಾರು, ಎಲ್ಲಿಂದ ಬಂದ, ಅವನಿಗೆ ಏನು ನೋವು ಅನ್ನುವುದೆಲ್ಲ ನಮಗೆ ಗೊತ್ತಾಗಬೇಕು, ಅವನು ಹೋದ ಮೇಲೆ ಒಂದು ಖಾಲಿತನ ಉಳಿಯಬೇಕು. ಈ ಕೆಲಸ ಮಾಡುವವರು ಪೋಷಕ ನಟರೇ. ಹೀರೋಗಳಿಂದ ಆಗುವ ಕೆಲಸ ಅಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಯಾವ ಯಾವ ಎಪಿಸೋಡ್?

‘ದಿ ಎಕ್ಸ್-ಫೈಲ್ಸ್’ ಮೊದಲ ಸೀಸನ್‌ನ ‘ಬಿಯಾಂಡ್ ದಿ ಸೀ’, ಜನವರಿ 1994. ‘ಬ್ಯಾಬಿಲಾನ್ 5’ ಮೂರನೇ ಸೀಸನ್‌ನ ‘ಪಾಸಿಂಗ್ ಥ್ರೂ ಗೆತ್ಸೆಮನೆ’, ನವೆಂಬರ್ 1995. ‘ಸ್ಟಾರ್ ಟ್ರೆಕ್: ವಾಯೇಜರ್’ನಲ್ಲಿ ಎರಡನೇ ಸೀಸನ್‌ನ ‘ಮೆಲ್ಡ್’, ಫೆಬ್ರವರಿ 1996, ಆಮೇಲೆ ಅದೇ ಪಾತ್ರ ಮತ್ತೆ ಬರುವ ‘ಬೇಸಿಕ್ಸ್’ ಎಂಬ ಎರಡು ಭಾಗದ ಕಥೆ, ಅದೂ 1996ರದ್ದೇ.

ಕಥೆ ಪೂರ್ತಿ ಹೇಳಿಬಿಡುತ್ತೀರಾ?

ಹೌದು, ಕೊನೆಯವರೆಗೂ. ಕೊನೆ ಹೇಳದೆ ಈ ಪಾತ್ರಗಳ ಬಗ್ಗೆ ಮಾತಾಡಲು ಆಗುವುದಿಲ್ಲ. ನೋಡಿಲ್ಲದವರು ಮೊದಲು ನೋಡಿ ಬನ್ನಿ.

ಎಕ್ಸ್-ಫೈಲ್ಸ್‌ನಲ್ಲಿ ಏನು ಪಾತ್ರ?

ಲೂಥರ್ ಲೀ ಬಾಗ್ಸ್. ನಾರ್ತ್ ಕೆರೊಲಿನಾದ ಜೈಲಿನಲ್ಲಿ ಗಲ್ಲಿಗೆ, ಅಂದರೆ ಅಲ್ಲಿನ ಗ್ಯಾಸ್ ಚೇಂಬರಿಗೆ, ದಿನ ಎಣಿಸುತ್ತಿರುವ ಕೈದಿ. ಸ್ವಂತ ಮನೆಯವರನ್ನೇ ಕೊಂದವನು. ಹೊರಗೆ ಇಬ್ಬರು ಕಾಲೇಜು ಹುಡುಗ ಹುಡುಗಿಯನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ. ಬಾಗ್ಸ್ ಹೇಳುತ್ತಾನೆ, ನನಗೆ ಸತ್ತವರ ಜೊತೆ ಸಂಪರ್ಕ ಇದೆ, ಆ ಮಕ್ಕಳು ಎಲ್ಲಿದ್ದಾರೆ ಅಂತ ಹೇಳಬಲ್ಲೆ, ಬದಲಿಗೆ ನನ್ನ ಶಿಕ್ಷೆ ತಪ್ಪಿಸಿ.

ಮುಲ್ಡರ್, ಸ್ಕಲಿ ಈ ಸರಣಿಯ ಮುಖ್ಯ ಪಾತ್ರಗಳು, ಇಬ್ಬರೂ ಎಫ್‌ಬಿಐ ಅಧಿಕಾರಿಗಳು. ಯಾವಾಗಲೂ ಮುಲ್ಡರ್ ನಂಬುವವನು, ಸ್ಕಲಿ ಅನುಮಾನಿಸುವವಳು. ಇಲ್ಲಿ ಅದು ತಿರುಗುಮುರುಗು. ಬಾಗ್ಸ್‌ನನ್ನು ಜೈಲಿಗೆ ಕಳಿಸುವುದರಲ್ಲಿ ಮುಲ್ಡರ್ ಪಾತ್ರ ಇತ್ತು, ಅವನಿಗೆ ಈ ಮನುಷ್ಯನ ಮಾತಿನಲ್ಲಿ ಒಂದಿಷ್ಟೂ ನಂಬಿಕೆ ಇಲ್ಲ. ಒಂದು ಬಟ್ಟೆ ಚೂರು ಕೈಗೆ ಕೊಡುತ್ತಾನೆ. ಬಾಗ್ಸ್ ಅದನ್ನು ಹಿಡಿದು ಮೈಮೇಲೆ ಬಂದವನ ಹಾಗೆ ನಡುಗುತ್ತಾ ಏನೇನೋ ಹೇಳುತ್ತಾನೆ. ಆಮೇಲೆ ಮುಲ್ಡರ್ ಹೇಳುತ್ತಾನೆ, ಅದು ನನ್ನ ಟೀ ಶರ್ಟಿನಿಂದ ಹರಿದದ್ದು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಲ್ಡರ್ ಹೊರಗೆ ಹೋದ ಮೇಲೆ ಬಾಗ್ಸ್ ಒಂದು ಹಾಡು ಗುನುಗುತ್ತಾನೆ. ಸ್ಕಲಿಯ ಅಪ್ಪ ತೀರಿಕೊಂಡು ಕೆಲವೇ ದಿನ ಆಗಿದೆ. ಅಪ್ಪನ ಅಂತ್ಯಕ್ರಿಯೆಯಲ್ಲಿ ನುಡಿಸಿದ ಹಾಡು ಅದು. ಅಪ್ಪ ಅವಳನ್ನು ‘ಸ್ಟಾರ್‌ಬಕ್’ ಅಂತ ಕರೆಯುತ್ತಿದ್ದ, ಮನೆಯವರಿಗೆ ಮಾತ್ರ ಗೊತ್ತಿದ್ದ ಹೆಸರು. ಬಾಗ್ಸ್ ಆ ಹೆಸರು ಹಿಡಿದು ಕರೆಯುತ್ತಾನೆ.

ಆ ಕ್ಷಣ ಡೂರಿಫ್ ಏನು ಮಾಡುತ್ತಾರೆ ಗಮನಿಸಿ. ಅಷ್ಟು ಹೊತ್ತು ಕತ್ತಿನ ನರ ಉಬ್ಬಿಸಿ, ಬೆವರಿ, ಕಿರುಚಿ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ದನಿ ಇಳಿಸುತ್ತಾರೆ. ಮುಖದ ಒಂದೊಂದು ಗೆರೆಯೂ ಸಡಿಲ ಆಗುತ್ತದೆ. ಯಾವ ಗ್ರಾಫಿಕ್ಸೂ ಬೇಕಾಗುವುದಿಲ್ಲ, ಆ ಕುರ್ಚಿಯಲ್ಲಿ ಬೇರೆ ಯಾರೋ ಬಂದು ಕೂತಿದ್ದಾರೆ ಅನ್ನಿಸುತ್ತದೆ.

ಹಾಗಾದರೆ ಬಾಗ್ಸ್‌ಗೆ ನಿಜವಾಗಿ ಶಕ್ತಿ ಇತ್ತಾ, ಅಥವಾ ಮೋಸವಾ?

ಎಪಿಸೋಡ್ ಎರಡೂ ದಾರಿ ತೆರೆದೇ ಇಡುತ್ತದೆ. ಅಪಹರಣ ಮಾಡಿದವನು ಬಾಗ್ಸ್‌ನ ಹಳೇ ಸಂಗಡಿಗ, ಹಾಗಾಗಿ ಮೊದಲೇ ಗೊತ್ತಿರಬಹುದು ಅನ್ನುವುದು ಮುಲ್ಡರ್ ವಾದ. ಆದರೆ ‘ದೆವ್ವದ ಹತ್ತಿರ ಹೋಗಬೇಡ’ ಅಂತ ಬಾಗ್ಸ್ ಸ್ಕಲಿಗೆ ಎಚ್ಚರಿಸಿರುತ್ತಾನೆ. ಅಪರಾಧಿಯ ಹಿಂದೆ ಓಡುವಾಗ ಅವಳಿಗೆ ಗೋಡೆ ಮೇಲೆ ನೀಲಿ ದೆವ್ವದ ಚಿತ್ರ ಕಾಣುತ್ತದೆ, ತಕ್ಷಣ ನಿಲ್ಲುತ್ತಾಳೆ, ಮುಂದೆ ಓಡಿದವನ ಕಾಲಡಿ ಹಲಗೆ ಮುರಿದು ಅವನು ಬಿದ್ದು ಸಾಯುತ್ತಾನೆ. ಇದನ್ನು ಮೋಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನನಗೆ ಶಕ್ತಿಗಿಂತ ಮುಖ್ಯ ಅನ್ನಿಸುವುದು ಅವನ ಭಯ. ಹಿಂದೊಮ್ಮೆ ಅವನನ್ನು ಗ್ಯಾಸ್ ಚೇಂಬರಿನವರೆಗೆ ಕರೆದುಕೊಂಡು ಹೋಗಿ, ಕೊನೇ ಗಳಿಗೆಯಲ್ಲಿ ತಡೆ ಬಂದು ವಾಪಸ್ ತಂದಿರುತ್ತಾರೆ. ಆ ದಾರಿಯಲ್ಲಿ ತಾನು ಕೊಂದವರೆಲ್ಲ ನಿಂತು ನೋಡುತ್ತಿದ್ದರು ಅಂತ ಹೇಳುತ್ತಾನೆ. ಸಾಯುವುದಕ್ಕಿಂತ ಜಾಸ್ತಿ, ಆ ದಾರಿಯಲ್ಲಿ ಇನ್ನೊಮ್ಮೆ ನಡೆಯಬೇಕಲ್ಲ ಅನ್ನುವ ಹೆದರಿಕೆ. ಅವನಿಗೆ ಪಶ್ಚಾತ್ತಾಪ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಕೊನೆಗೆ ಶಿಕ್ಷೆ ತಪ್ಪುವುದಿಲ್ಲ, ಸ್ಕಲಿ ಹೇಳುತ್ತಿರುವುದು ಸುಳ್ಳು ಅಂತ ಗೊತ್ತಿದ್ದೂ ಅವನು ಆ ಹುಡುಗನ ಸುಳಿವು ಕೊಡುತ್ತಾನೆ. ಅವಳು ಪ್ರಯತ್ನ ಮಾಡಿದಳು ಅನ್ನುವುದಷ್ಟೇ ಅವನಿಗೆ ಸಾಕಾಗುತ್ತದೆ.

ಈ ಎಪಿಸೋಡ್ ಅಂದರೆ ನಿಮಗೆ ಯಾಕೆ ಇಷ್ಟು ಪ್ರೀತಿ?

ಮೊದಲ ಸಲ ನೋಡಿದಾಗ ಇದು ನನಗೆ ಒಂದು ಹೆದರಿಸುವ ಕಥೆ ಅಷ್ಟೇ. ಎರಡನೇ ಸಲ ನೋಡಿದ್ದು ನಮ್ಮ ಅಪ್ಪ ಹೋದ ವರ್ಷ. ಶುರುವಿನಲ್ಲೇ ಒಂದು ದೃಶ್ಯ ಇದೆ. ಸ್ಕಲಿ ಸೋಫಾ ಮೇಲೆ ನಿದ್ದೆ ಹೋಗಿ ಎದ್ದಾಗ ಎದುರು ಕುರ್ಚಿಯಲ್ಲಿ ಅಪ್ಪ ಕೂತಿರುತ್ತಾರೆ. ತುಟಿ ಆಡುತ್ತಿದೆ, ಮಾತು ಕೇಳಿಸುತ್ತಿಲ್ಲ. ಆಗ ಫೋನ್ ಹೊಡೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅಪ್ಪನ ಕುರ್ಚಿ ಕಿಟಕಿ ಪಕ್ಕ ಇತ್ತು, ಆಸ್ಪತ್ರೆಯಿಂದ ಬಂದ ಮೇಲೆ ಎರಡು ತಿಂಗಳು ನಾವು ಯಾರೂ ಅದರಲ್ಲಿ ಕೂರಲಿಲ್ಲ. ಹಾಗಾಗಿ ಬಾಗ್ಸ್ ಆ ಅಪ್ಪನ ಕೊನೇ ಮಾತು ಹೇಳುತ್ತೇನೆ ಬಾ ಅಂತ ಕರೆದರೂ ಸ್ಕಲಿ ಹೋಗದೆ ಆಸ್ಪತ್ರೆಯಲ್ಲಿ ಮುಲ್ಡರ್ ಹಾಸಿಗೆ ಪಕ್ಕ ಕೂತಿರುವುದು ನನಗೆ ಆವತ್ತು ಅರ್ಥ ಆಯಿತು. ಅವರು ನನ್ನ ಅಪ್ಪ, ಏನು ಹೇಳುತ್ತಿದ್ದರು ಅಂತ ನನಗೆ ಗೊತ್ತಿದೆ ಅನ್ನುವ ಅರ್ಥದ ಮಾತು ಹೇಳುತ್ತಾಳೆ.

ಅಪ್ಪನಾಗಿ ಮಾಡಿದ ಡಾನ್ ಎಸ್. ಡೇವಿಸ್ ಕೂಡ ಇಂಥದೇ ನಟ. ‘ಟ್ವಿನ್ ಪೀಕ್ಸ್’ನ ಮೇಜರ್ ಬ್ರಿಗ್ಸ್, ಆಮೇಲೆ ‘ಸ್ಟಾರ್‌ಗೇಟ್ ಎಸ್‌ಜಿ-1’ರ ಜನರಲ್ ಹ್ಯಾಮಂಡ್.

ಬ್ಯಾಬಿಲಾನ್ 5ರಲ್ಲಿ ಏನು ವಿಶೇಷ? ಅದು ಪೂರ್ತಿ ಅನ್ಯಗ್ರಹದವರ ಕಥೆ ಅಲ್ವಾ?

ಅನ್ಯಗ್ರಹದವರೂ ಮನುಷ್ಯರೂ ಒಟ್ಟಿಗೆ ಇರುವ ಒಂದು ಬಾಹ್ಯಾಕಾಶ ನಿಲ್ದಾಣದ ಕಥೆ. ಅಲ್ಲಿಗೆ ಕೆಲವು ಕ್ರೈಸ್ತ ಸನ್ಯಾಸಿಗಳು ಬಂದು ನೆಲೆಸಿರುತ್ತಾರೆ, ಬೇರೆ ಬೇರೆ ಲೋಕದವರ ದೇವರು, ನಂಬಿಕೆ ಎಲ್ಲ ತಿಳಿದುಕೊಳ್ಳಬೇಕು ಅಂತ. ಅವರಲ್ಲಿ ಒಬ್ಬ ಬ್ರದರ್ ಎಡ್ವರ್ಡ್, ಅದು ಡೂರಿಫ್. ಮೃದು ಮನುಷ್ಯ. ಎಲ್ಲದರಲ್ಲೂ ಮಗುವಿನಂಥ ಕುತೂಹಲ. ನೋಡಿದ ಐದು ನಿಮಿಷಕ್ಕೆ ಪ್ರೀತಿ ಬರುತ್ತದೆ.

ಆ ಕಾಲದ ಕಾನೂನಿನಲ್ಲಿ ಕೊಲೆಗಾರನಿಗೆ ಒಂದು ಶಿಕ್ಷೆ ಇದೆ, ವ್ಯಕ್ತಿತ್ವದ ಮರಣ. ದೇಹ ಉಳಿಸುತ್ತಾರೆ, ನೆನಪನ್ನೆಲ್ಲ ಅಳಿಸುತ್ತಾರೆ, ಹೊಸ ಮನಸ್ಸು ಕೊಟ್ಟು ಸಮಾಜದ ಸೇವೆಗೆ ಬಿಡುತ್ತಾರೆ. ಎಡ್ವರ್ಡ್‌ಗೆ ತಾನು ಅಂಥವನು ಅಂತ ಗೊತ್ತಿಲ್ಲ. ಗೋಡೆ ಮೇಲೆ ರಕ್ತದ ಅಕ್ಷರ ಕಾಣುತ್ತದೆ, ಕಪ್ಪು ಗುಲಾಬಿ ಸಿಗುತ್ತದೆ, ಹೆಣ್ಣಿನ ದನಿ ಕೇಳುತ್ತದೆ. ಅವನು ಸುಮ್ನೆ ಇರಬಹುದಿತ್ತು. ಇರುವುದಿಲ್ಲ. ತಾನೇ ಹುಡುಕಿ ತೆಗೆಯುತ್ತಾನೆ: ಒಂದು ಕಾಲಕ್ಕೆ ತಾನು ಹೆಂಗಸರನ್ನು ಕೊಂದು ಹೆಣದ ಹತ್ತಿರ ಕಪ್ಪು ಗುಲಾಬಿ ಇಡುತ್ತಿದ್ದ ಕೊಲೆಗಾರ. ಸತ್ತವರ ಮನೆಯವರು ಅವನನ್ನು ಪತ್ತೆ ಮಾಡಿ, ಟೆಲಿಪಾತ್, ಅಂದರೆ ಬೇರೆಯವರ ಮನಸ್ಸು ಓದಬಲ್ಲವನು, ಒಬ್ಬನಿಂದ ಅವನ ಹಳೇ ನೆನಪನ್ನು ಕೆದಕಿಸಿದ್ದಾರೆ. ತಾನು ಯಾರು ಅಂತ ಗೊತ್ತಿದ್ದೇ ಅವನು ಸಾಯಬೇಕು ಅನ್ನುವುದು ಅವರ ಹಟ.

ಅದಕ್ಕೂ ಮೊದಲು, ಇನ್ನೂ ಏನೂ ಗೊತ್ತಿಲ್ಲದ ದಿನ, ಡಿಲೆನ್ ಮತ್ತು ಲೆನಿಯರ್ ಎಂಬ ಮಿನ್‌ಬಾರಿ ಲೋಕದ ಇಬ್ಬರು ಅವನನ್ನು ಕೇಳಿರುತ್ತಾರೆ, ನಿಮ್ಮ ನಂಬಿಕೆಯ ಹೃದಯ ಎಲ್ಲಿದೆ ಅಂತ. ಅವನು ಗೆತ್ಸೆಮನೆ ತೋಟದ ಕಥೆ ಹೇಳುತ್ತಾನೆ. ಹಿಡಿಯಲು ಬರುತ್ತಿದ್ದಾರೆ ಅಂತ ಯೇಸುವಿಗೆ ಗೊತ್ತಿತ್ತು, ಆ ರಾತ್ರಿ ಎದ್ದು ಹೋಗಬಹುದಿತ್ತು, ಹೋಗಲಿಲ್ಲ, ಅಲ್ಲೇ ಇದ್ದ. ನಾನಾಗಿದ್ದರೆ ಇರುವ ಧೈರ್ಯ ಇರುತ್ತಿತ್ತಾ ಅನ್ನುವುದು ಎಡ್ವರ್ಡ್‌ನ ಪ್ರಶ್ನೆ. ಕೊನೆಗೆ ಅವನ ಸರದಿ ಬಂದಾಗ ಅವನೂ ಓಡುವುದಿಲ್ಲ. ಆ ಮನೆಯವರು ಬಂದು ಅವನನ್ನು ಶಿಲುಬೆಗೆ ಏರಿಸಿದ ಹಾಗೆ ಕಟ್ಟಿ ಕೊಲ್ಲುತ್ತಾರೆ.

ಇನ್ನೂ ಮುಗಿಯಲಿಲ್ಲ. ಕೊಂದವನಿಗೂ ಅದೇ ಶಿಕ್ಷೆ ಆಗುತ್ತದೆ, ಅವನೂ ನೆನಪಿಲ್ಲದ ಹೊಸ ಸನ್ಯಾಸಿಯಾಗಿ ಅದೇ ಮಠ ಸೇರುತ್ತಾನೆ. ನಿಲ್ದಾಣದ ಮುಖ್ಯಸ್ಥ ಶೆರಿಡನ್ ಎದುರು ನಿಂತು ನಗುತ್ತಾ ಕೈ ಚಾಚುತ್ತಾನೆ. ಆ ಕೈ ಹಿಡಿಯಲು ಶೆರಿಡನ್‌ಗೆ ಎಷ್ಟು ಹೊತ್ತು ಬೇಕಾಗುತ್ತದೆ ನೋಡಿ. ಡೂರಿಫ್ ಆ ದೃಶ್ಯದಲ್ಲಿ ಇಲ್ಲವೇ ಇಲ್ಲ, ಆದರೂ ಅದು ಅವರದೇ ದೃಶ್ಯ.

ಈ ಕಥೆಯ ಐಡಿಯಾ ಅಭಿಮಾನಿಯೊಬ್ಬರದು ಅಂತ ಕೇಳಿದ್ದೇನೆ. ಹೌದಾ?

ಬರೆದವರು ಸರಣಿಯ ಕರ್ತೃ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಅವರೇ. ಅವರು ಆ ಕಾಲದಲ್ಲೇ ಇಂಟರ್ನೆಟ್‌ನಲ್ಲಿ ವೀಕ್ಷಕರ ಜೊತೆ ನೇರ ಮಾತಾಡುತ್ತಿದ್ದರು. ಇದನ್ನೇ ಹೋಲುವ ಒಂದು ಐಡಿಯಾವನ್ನು ಅಭಿಮಾನಿಯೊಬ್ಬರು ಅಲ್ಲಿ ಹಾಕಿಬಿಟ್ಟರು. ಕದ್ದ ಆರೋಪ ಬರಬಾರದು ಅಂತ ಸ್ಟ್ರಾಜಿನ್ಸ್ಕಿ ಕಥೆಯನ್ನೇ ಬದಿಗಿಟ್ಟರು. ಆಮೇಲೆ ಆ ಅಭಿಮಾನಿ ತನ್ನ ತಕರಾರಿಲ್ಲ ಅಂತ ಬರೆದು ಸಹಿ ಹಾಕಿ ಕೊಟ್ಟ ಮೇಲೆಯೇ ಕೆಲಸ ಮುಂದುವರಿದದ್ದು. ಆ ಸಹಿ ಬರದೆ ಹೋಗಿದ್ದರೆ ಎಡ್ವರ್ಡ್ ಇರುತ್ತಲೇ ಇರಲಿಲ್ಲ.

ನಿರ್ದೇಶಕ ಆಡಮ್ ನಿಮಾಯ್, ‘ಸ್ಟಾರ್ ಟ್ರೆಕ್’ನ ಸ್ಪಾಕ್ ಪಾತ್ರದ ಲಿಯೊನಾರ್ಡ್ ನಿಮಾಯ್ ಅವರ ಮಗ.

ಸ್ಟಾರ್ ಟ್ರೆಕ್‌ನಲ್ಲಿ?

ಲಾನ್ ಸೂಡರ್. ವಾಯೇಜರ್ ಹಡಗಿನ ಎಂಜಿನ್ ವಿಭಾಗದಲ್ಲಿ ಕೆಲಸ. ಮನೆಯಿಂದ ಎಪ್ಪತ್ತು ಸಾವಿರ ಜ್ಯೋತಿರ್ವರ್ಷ ದೂರ ಸಿಕ್ಕಿಹಾಕಿಕೊಂಡ ಹಡಗು ಅದು. ಸೂಡರ್ ಬೀಟಜಾಯ್ಡ್ ಕುಲದವನು. ಆ ಕುಲದವರಿಗೆ ಬೇರೆಯವರ ಭಾವನೆ ತಾನಾಗಿ ತಿಳಿಯುತ್ತದೆ, ಆದರೆ ಇವನಿಗೆ ತನ್ನೊಳಗಿನದೇ ಸಿಗುವುದಿಲ್ಲ. ಡಾರ್ವಿನ್ ಎಂಬ ಸಹೋದ್ಯೋಗಿಯನ್ನು ಕೊಲ್ಲುತ್ತಾನೆ. ಭದ್ರತಾ ಅಧಿಕಾರಿ ಟೂವಾಕ್ ಕಾರಣ ಕೇಳುತ್ತಾನೆ. ಅವನು ನನ್ನನ್ನು ನೋಡಿದ ರೀತಿ ಹಿಡಿಸಲಿಲ್ಲ ಅನ್ನುತ್ತಾನೆ ಸೂಡರ್. ಅಷ್ಟೇ ಉತ್ತರ.

ಟೂವಾಕ್ ವಲ್ಕನ್ ಲೋಕದವನು, ಎಲ್ಲಕ್ಕೂ ತರ್ಕ ಬೇಕು. ಕಾರಣ ಇಲ್ಲದ ಕೊಲೆ ಅವನಿಗೆ ನುಂಗಲಾರದ ತುತ್ತು. ಅರ್ಥ ಮಾಡಿಕೊಳ್ಳಲೇಬೇಕು ಅಂತ ಮೈಂಡ್ ಮೆಲ್ಡ್ ಮಾಡುತ್ತಾನೆ, ಅಂದರೆ ಇಬ್ಬರ ಮನಸ್ಸನ್ನೂ ಸೇರಿಸುವುದು. ಸೂಡರ್ ಶಾಂತ ಆಗುತ್ತಾನೆ, ಅವನ ಹಿಂಸೆ ಇವನಿಗೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಮೈಯೆಲ್ಲ ಕೋಪವಾಗಿ ಕೂತಿರುವವನು ಅಧಿಕಾರಿ, ಸಮಾಧಾನದಿಂದ ಮಾತಾಡುವವನು ಕೈದಿ. ಟೂವಾಕ್ ಆಗಿ ಟಿಮ್ ರಸ್ ಮಾಡಿದ ಅತ್ಯುತ್ತಮ ಕೆಲಸ ಇದು ಅಂತ ನನ್ನ ಅಭಿಪ್ರಾಯ, ಮತ್ತು ಅದನ್ನು ಹೊರಗೆ ತೆಗೆದವರು ಎದುರಿಗೆ ಕೂತಿದ್ದ ಡೂರಿಫ್. ಎಕ್ಸ್-ಫೈಲ್ಸ್‌ನಲ್ಲಿ ಸ್ಕಲಿ ಆಗಿದ್ದ ಜಿಲಿಯನ್ ಆಂಡರ್ಸನ್‌ಗೂ ಹಾಗೇ ಆಯಿತು. ಒಳ್ಳೇ ಪೋಷಕ ನಟ ಬಂದು ಹೋದ ವಾರ ಸರಣಿಯ ಖಾಯಂ ನಟರ ಆಟವೇ ಬದಲಾಗಿರುತ್ತದೆ.

‘ಬೇಸಿಕ್ಸ್’ನಲ್ಲಿ ಸೂಡರ್‌ಗೆ ಏನಾಗುತ್ತದೆ?

ಹಡಗಿನಲ್ಲಿ ಜೈಲು ಶಿಕ್ಷೆ ಅಂದರೆ ಅವನದೇ ಕೋಣೆಯಲ್ಲಿ ಕೂಡಿಹಾಕುವುದು. ಅಲ್ಲಿ ಅವನು ಆರ್ಕಿಡ್ ಹೂ ಬೆಳೆಸುತ್ತಿರುತ್ತಾನೆ. ಹಡಗಿಗೆ ನನ್ನಿಂದ ಏನಾದರೂ ಉಪಯೋಗ ಆಗಬೇಕು ಅಂತ ಕ್ಯಾಪ್ಟನ್ ಹತ್ತಿರ ಕೇಳಿಕೊಳ್ಳುವ ದೃಶ್ಯ ಇದೆ. ಆತುರ, ನಾಚಿಕೆ ಎರಡೂ ಮುಖದಲ್ಲಿ.

ಆಮೇಲೆ ಶತ್ರು ಕುಲದವರಾದ ಕೇಜಾನ್‌ಗಳು ಹಡಗನ್ನು ವಶಪಡಿಸಿಕೊಂಡು ಎಲ್ಲರನ್ನೂ ಒಂದು ಗ್ರಹದಲ್ಲಿ ಇಳಿಸಿ ಹೋಗುತ್ತಾರೆ. ಹಡಗಿನಲ್ಲಿ ಉಳಿದವರು ಇಬ್ಬರೇ: ಕಂಪ್ಯೂಟರಿನ ಹೊಲೊಗ್ರಾಮ್ ಆಗಿರುವ ಡಾಕ್ಟರ್, ಮತ್ತು ಅಡಗಿಕೊಂಡ ಸೂಡರ್. ಹಡಗು ಉಳಿಸಬೇಕಾದರೆ ಅವನು ಮತ್ತೆ ಕೊಲ್ಲಬೇಕು. ಎಷ್ಟು ಕಷ್ಟಪಟ್ಟು ಬಿಟ್ಟ ಕೆಲಸ ಅದು. ಒಬ್ಬನನ್ನು ಕೊಂದು ಬಂದು ಡಾಕ್ಟರ್ ಎದುರು ನಡುಗುತ್ತಾ ನಿಲ್ಲುತ್ತಾನೆ. ಆ ನಡುಕ ನೋಡಿ. ಬಾಗ್ಸ್‌ನ ನಡುಕ ತನಗಾಗಿ ಇತ್ತು. ಇದು ಹಾಗಲ್ಲ. ಕೊನೆಗೆ ಎಂಜಿನ್ ಕೋಣೆಗೆ ನುಗ್ಗಿ ಕೇಜಾನ್‌ಗಳನ್ನು ಹೊಡೆದುರುಳಿಸಿ, ಗುಂಡೇಟು ತಿಂದ ಮೇಲೂ ತೆವಳಿ ತನ್ನ ಕೆಲಸ ಮುಗಿಸಿ ಸಾಯುತ್ತಾನೆ. ಟೂವಾಕ್ ಅವನ ಹೆಣದ ಪಕ್ಕ ನಿಂತು, ಬದುಕಿದ್ದಾಗ ಸಿಗದ ಶಾಂತಿ ಸತ್ತ ಮೇಲಾದರೂ ಸಿಗಲಿ ಅಂತ ಪ್ರಾರ್ಥಿಸುತ್ತಾನೆ.

ಅವನನ್ನು ಅಷ್ಟು ಬೇಗ ಮುಗಿಸಬಾರದಿತ್ತು. ಇಂಥ ಮನುಷ್ಯ ಒಬ್ಬ ಅದೇ ಹಡಗಿನಲ್ಲಿ ಇನ್ನೂ ಐದು ವರ್ಷ ಎಲ್ಲರ ಜೊತೆ ಬದುಕಿದ್ದರೆ ಹೇಗಿರುತ್ತಿತ್ತು ಅನ್ನುವುದು ನನಗೆ ಈಗಲೂ ಕಾಡುತ್ತದೆ.

ಸೂಡರ್ ಕಣ್ಣು ಯಾಕೆ ಹಾಗಿದೆ?

ಬೀಟಜಾಯ್ಡ್‌ಗಳ ಕಣ್ಣು ಕಡುಕಪ್ಪು, ಅದಕ್ಕೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಸುತ್ತಾರೆ. ಡೂರಿಫ್ ಅವರದು ತಿಳಿ ನೀಲಿ ಕಣ್ಣು, ಬಾಗ್ಸ್ ಆಗಿದ್ದಾಗ ಅರ್ಧ ಕೆಲಸ ಮಾಡಿದ್ದೇ ಅದು. ಇಲ್ಲಿ ಅದನ್ನು ಮುಚ್ಚಿಬಿಟ್ಟಿದ್ದಾರೆ. ಉಳಿದದ್ದು ದನಿ, ಮತ್ತೆ ಅಲುಗಾಡದೆ ಕೂರುವುದು. ಅದನ್ನೇ ಹಿಡಿದು ಇಡೀ ‘ಮೆಲ್ಡ್’ ಮಾಡಿದ್ದಾರೆ.

ಮೂರು ಸಲವೂ ಕೊಲೆಗಾರ. ಒಂದೇ ಥರದ ಪಾತ್ರ ಕೊಟ್ಟು ಮೂಲೆಗೆ ತಳ್ಳಿದ ಹಾಗಲ್ವಾ?

ಅವರನ್ನು ಹಾಗೆ ಕರೆಸಿದ್ದು ನಿಜ. ಚಕ್ಕಿ ಆಯಿತು, 1990ರ ‘ಎಕ್ಸಾರ್ಸಿಸ್ಟ್ 3’ರಲ್ಲಿ ಕತ್ತಲೆ ಕೋಣೆಯಲ್ಲಿ ಕಟ್ಟಿಹಾಕಿದ ಸರಣಿ ಹಂತಕ ಆಯಿತು. ವಜ್ರಮುನಿ ತೆರೆ ಮೇಲೆ ಬಂದ ಕೂಡಲೇ ಏನೋ ಕೇಡು ಕಾದಿದೆ ಅಂತ ನಮಗೆ ಗೊತ್ತಾಗುತ್ತಿತ್ತಲ್ಲ, ಅಮೆರಿಕದವರಿಗೆ ಡೂರಿಫ್ ಹಾಗೆ. ಆದರೆ ಈ ಮೂರೂ ಒಂದೇ ಪಾತ್ರ ಅಂತ ನಾನು ಒಪ್ಪುವುದಿಲ್ಲ. ಒಬ್ಬನಿಗೆ ತಾನು ಮಾಡಿದ್ದೆಲ್ಲ ನೆನಪಿದೆ, ಹೆದರಿಕೆ ಇದೆ, ಬದಲಾವಣೆ ಇಲ್ಲ. ಇನ್ನೊಬ್ಬ ಪೂರ್ತಿ ಬದಲಾಗಿದ್ದಾನೆ, ನೆನಪೇ ಇಲ್ಲ, ಆದರೂ ಲೆಕ್ಕ ತೀರಿಸಲು ತಾನಾಗಿ ನಿಲ್ಲುತ್ತಾನೆ. ಮೂರನೆಯವನು ನೆನಪು ಇಟ್ಟುಕೊಂಡೇ, ದಿನ ದಿನ ಒದ್ದಾಡಿ ಬದಲಾಗುತ್ತಿದ್ದಾನೆ. ಕೆಟ್ಟತನವನ್ನು ಆಡಿ ತೋರಿಸುವ ನಟರು ಬೇಕಾದಷ್ಟು ಜನ ಇದ್ದಾರೆ, ಡೂರಿಫ್ ಆಡುವುದು ಆ ಕೆಟ್ಟತನ ಹೊತ್ತುಕೊಂಡವನ ಸಂಕಟ.

ಒಳ್ಳೆಯವನಾಗಿ ನೋಡಬೇಕಾದರೆ 2004ರಲ್ಲಿ ಶುರುವಾದ ‘ಡೆಡ್‌ವುಡ್’ ನೋಡಿ. ಅಲ್ಲಿ ಅವರು ಡಾಕ್ಟರ್ ಕಾಕ್ರನ್, ಗಣಿ ಊರಿನ ಸಿಡುಕು ವೈದ್ಯ. ಅದಕ್ಕೆ ಎಮ್ಮಿ ನಾಮನಿರ್ದೇಶನವೂ ಬಂತು.

ಸೈನ್ಸ್ ಫಿಕ್ಷನ್ ಸಿನಿಮಾ ಮಾಡಿಲ್ವಾ?

ಮಾಡಿದ್ದಾರೆ. 1984ರ ‘ಡ್ಯೂನ್’ನಲ್ಲಿ ಪೈಟರ್, 1997ರ ‘ಏಲಿಯನ್ ರಿಸರೆಕ್ಷನ್’ನಲ್ಲಿ ವಿಜ್ಞಾನಿ. ಒಂದು ತಮಾಷೆ: ‘ಡ್ಯೂನ್’ಗೆ ಪೊದೆಯಂಥ ಹುಬ್ಬು ಅಂಟಿಸಿದರು, ವರ್ಮ್‌ಟಂಗ್ ಮಾಡುವಾಗ ಇದ್ದ ಹುಬ್ಬನ್ನೂ ಬೋಳಿಸಿದರು.

ಪೂರ್ತಿ ಸರಣಿ ನೋಡದೆ ಈ ಎಪಿಸೋಡ್ ಮಾತ್ರ ನೋಡಿದರೆ ಅರ್ಥ ಆಗುತ್ತದಾ?

‘ಬಿಯಾಂಡ್ ದಿ ಸೀ’, ‘ಮೆಲ್ಡ್’ ಎರಡಕ್ಕೂ ಏನೂ ಗೊತ್ತಿರಬೇಕಿಲ್ಲ. ‘ಗೆತ್ಸೆಮನೆ’ಯಲ್ಲಿ ವೊರ್ಲಾನ್‌ಗಳ ಬಗ್ಗೆ (ಅವರೂ ಒಂದು ಅನ್ಯಗ್ರಹದ ಕುಲ) ಪಕ್ಕದಲ್ಲಿ ಒಂದು ಕಥೆ ಓಡುತ್ತದೆ, ಅದು ತಲೆಗೆ ಹೋಗದಿದ್ದರೆ ಬಿಡಿ. ‘ಬೇಸಿಕ್ಸ್’ ಮಾತ್ರ ‘ಮೆಲ್ಡ್’ ಆದ ಮೇಲೆಯೇ ನೋಡಬೇಕು. ಬಂದ ವರ್ಷದ ಕ್ರಮದಲ್ಲೇ ನೋಡಿ, ಬಾಗ್ಸ್‌ನಿಂದ ಶುರು ಮಾಡಿ ಸೂಡರ್‌ಗೆ ಬಂದಾಗ ಮನಸ್ಸಿಗೆ ಹಿಡಿಯುತ್ತದೆ.

ಮಕ್ಕಳ ಜೊತೆ ನೋಡಬಹುದಾ?

ಚಿಕ್ಕವರಿಗೆ ಬೇಡ. ರಕ್ತ ಕಡಿಮೆಯೇ, ಆದರೆ ಬಾಗ್ಸ್ ಮತ್ತು ಎಡ್ವರ್ಡ್‌ನ ಸಾವು ಎರಡೂ ಮಕ್ಕಳ ನಿದ್ದೆ ಕೆಡಿಸುತ್ತವೆ.

ಒಂದೇ ಒಂದು ದೃಶ್ಯ ನೋಡಲು ಸಮಯ ಇದೆ. ಯಾವುದು?

ಎಡ್ವರ್ಡ್ ಗೆತ್ಸೆಮನೆ ಕಥೆ ಹೇಳುವ ದೃಶ್ಯ. ಮೇಜಿನ ಆಚೆ ಡಿಲೆನ್, ಲೆನಿಯರ್ ಕೂತಿದ್ದಾರೆ. ಹಿನ್ನೆಲೆಯಲ್ಲಿ ಅಬ್ಬರ ಇಲ್ಲ, ಕ್ಯಾಮೆರಾ ಹೆಚ್ಚು ಓಡಾಡುವುದಿಲ್ಲ. ಅವನು ಹೊರಗೆ ನೋಡುತ್ತಾ ಮಾತು ಶುರು ಮಾಡಿ, ಮಧ್ಯದಲ್ಲಿ ತನ್ನನ್ನೇ ಕೇಳಿಕೊಳ್ಳುವ ಹಾಗೆ ದನಿ ತಗ್ಗಿಸುತ್ತಾನೆ. ತಾನಾಗಿದ್ದರೆ ಇರುತ್ತಿದ್ದನಾ, ಓಡುತ್ತಿದ್ದನಾ ಅನ್ನುವಲ್ಲಿಗೆ ಬಂದಾಗ ಒಂದು ಸಣ್ಣ ನಗು ಬರುತ್ತದೆ, ಗೊತ್ತಿಲ್ಲ ಅಂತ ಒಪ್ಪಿಕೊಂಡವನ ನಗು. ಎಪಿಸೋಡ್ ಪೂರ್ತಿ ನೋಡಿದ ಮೇಲೆ ವಾಪಸ್ ಬಂದು ಆ ನಗುವನ್ನು ಇನ್ನೊಂದು ಸಲ ನೋಡಿ.